ಮೂರನೇ ಸಲ ಒತ್ತಿದ ಬ್ರೇಕು

ಠಾಣೆಯ ಕಂಪೌಂಡಿನಿಂದ ಆ ಬಿಳಿ ಅಂಬಾಸಿಡರ್ ಕಾರನ್ನು ಶಹಾಪುರದ ನನ್ನ ಗ್ಯಾರೇಜಿಗೆ ತಂದು ನಿಲ್ಲಿಸಿದವನು ಅದರ ಡ್ರೈವರ್ ಅಲ್ಲ. ಸಾಹುಕಾರರು ಬೇರೆ ಯಾರನ್ನೋ ಕಳಿಸಿದ್ದರು. ಎಡಗಡೆಯ ಹೆಡ್‌ಲೈಟು ಒಡೆದಿತ್ತು, ಬಂಪರು ಒಳಕ್ಕೆ ಮಡಚಿತ್ತು, ಬಾನೆಟ್ಟಿನ ಮೂಲೆಯಲ್ಲಿ ಅಂಗೈಯಗಲದ ತಗ್ಗು ಬಿದ್ದಿತ್ತು. ಒಬ್ಬ ಹೆಣ್ಣುಮಗಳು ಸತ್ತದ್ದಕ್ಕೆ ಕಾರಿನ ಮೇಲೆ ಉಳಿದ ಗುರುತು ಇಷ್ಟೇ. ಲೈಟು, ಬಂಪರು, ಬಣ್ಣ ಮುಗಿಸಿ ಕೊಡಬೇಕಂತೆ ಎಂದು ಹೇಳಿ ಬಂದವನು ಕೀಲಿ ಕೊಟ್ಟು ಹೋದ.

ಕಾರು ಹತ್ತಿ ದಲಾಲಿಯ ಅಡತಿ ಅಂಗಡಿ ನಡೆಸುವ ಸಾಹುಕಾರರದು. ಅವರ ತಂದೆ ಇದ್ದಾಗ ತಂದದ್ದು, ಡೀಸೆಲ್ ಇಂಜಿನ್ನು, ಪವರ್ ಬ್ರೇಕು. ದಿನದ ಓಡಾಟಕ್ಕೆ ಅವರಿಗೆ ಬೇರೆ ಕಾರಿದೆ. ಇದು ಮದುವೆ, ನಿಕಾ, ಹಬ್ಬಕ್ಕೆ ಹೂವಿನ ಹಾರ ಹಾಕಿಸಿಕೊಂಡು ಹೊರಬೀಳುವ ಗಾಡಿ. ಅದನ್ನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಓಡಿಸಿದವನನ್ನು ಊರೆಲ್ಲ ಚಾಚಾ ಅನ್ನುತ್ತದೆ, ನಾನೂ ಹಾಗೇ ಅನ್ನುತ್ತೇನೆ. ಅರವತ್ತರ ಸಮೀಪದ ಮನುಷ್ಯ, ಕಡಿಮೆ ಮಾತು, ಕಾರಿನ ಒಳಗೆ ಚಪ್ಪಲಿ ಬಿಟ್ಟು ಕೂರುವವನು. ಎರಡು ವರ್ಷದ ಹಿಂದೆ ಅದೇ ಕಾರಿನ ಬ್ರೇಕಿನ ಕೆಲಸವನ್ನು ನಾನೇ ಮಾಡಿಕೊಟ್ಟಿದ್ದೆ.

ಸುರಪುರದಲ್ಲಿ ಮದುಮಗಳ ಕಡೆಯವರನ್ನು ಇಳಿಸಿ ಖಾಲಿ ಗಾಡಿ ತರುವಾಗ, ಸಗರ ಹಳ್ಳಿಯ ಕಡೆ ಹೊರಳುವ ಕ್ರಾಸಿನ ಹತ್ತಿರ ಅದು ನಡೆದಿತ್ತು. ಹತ್ತಿ ಬಿಡಿಸಿ ಆ ಊರಿನ ತಮ್ಮ ಮನೆಗೆ ಹೊರಟಿದ್ದ ಇಬ್ಬರು ಹೆಣ್ಣುಮಕ್ಕಳು ರಸ್ತೆ ದಾಟುತ್ತಿದ್ದರು. ಒಬ್ಬಳು ಉಳಿದಳು. ಚಾಚಾ ಓಡಿಹೋಗದೆ ಅಲ್ಲೇ ನಿಂತಿದ್ದ. ಬ್ರೇಕ್ ಒತ್ತಿದೆ, ಪೆಡಲು ಕಲ್ಲಾಯಿತು ಎಂದು ಅವತ್ತಿನಿಂದ ಅವನದು ಒಂದೇ ಮಾತು. ಮೋಟಾರು ವಾಹನ ನಿರೀಕ್ಷಕರು ಠಾಣೆಗೆ ಬಂದು ಕಾರನ್ನು ಓಡಿಸಿ ನೋಡಿ ಬ್ರೇಕು ಸರಿಯಿದೆ ಎಂದು ವರದಿ ಕೊಟ್ಟಿದ್ದರು. ಬ್ರೇಕು ಸರಿಯಿದ್ದರೆ ತಪ್ಪು ಕಾಲಿನದೇ ಅಲ್ಲವೇ? ಅಜಾಗರೂಕ ಚಾಲನೆ ಎಂದು ಕೇಸಾಯಿತು, ಜಾಮೀನಾಯಿತು. ಮುದುಕನಿಗೆ ಕಣ್ಣು ಮಂಜಾಗಿದೆ ಎಂದರು ಕೆಲವರು, ಫೋನಿನಲ್ಲಿ ಮಾತಾಡುತ್ತಿದ್ದ ಎಂದರು ಕೆಲವರು. ಸಾಹುಕಾರರು ಅವನ ಕೈಯಿಂದ ಕೀಲಿ ಇಸಿದುಕೊಂಡರು.

ಕಾರು ಬಂದ ಮಧ್ಯಾಹ್ನವೇ ಚಾಚಾ ನಡೆದುಕೊಂಡು ಬಂದ. ಕಾರಿನ ಮುಂಭಾಗವನ್ನು ನೋಡದೆ, ಡ್ರೈವರ್ ಬಾಗಿಲ ಹತ್ತಿರ ಹೋಗಿ ನಿಂತ.

"ಮಿಸ್ತ್ರಿ, ಲೈಟು ಆಮ್ಯಾಲ ಹಾಕು. ಮೊದಲ ಬ್ರೇಕ್ ನೋಡು."

"ಸಾಹೇಬ್ರು ನೋಡ್ಯಾರಲ್ಲ ಚಾಚಾ. ಸರಿ ಅದ ಅಂತ ಬರದು ಕೊಟ್ಟಾರ."

"ಅವ್ರು ಒತ್ತಿದಾಗ ಸರಿ ಇತ್ತು. ನಾ ಒತ್ತಿದಾಗ ಕಲ್ಲಾಗಿತ್ತು. ಅಲ್ಲಾನ ಆಣಿ ಮಾಡಿ ಹೇಳ್ತೀನಿ, ನಾ ಒತ್ತೀನಿ."

ನನಗೆ ಸಿಟ್ಟು ಬೇಗ ಬರುತ್ತದೆ, ಬಂದದ್ದು ಬೇಗ ಇಳಿಯುವುದಿಲ್ಲ. ನಾನು ಮಾಡಿದ ಬ್ರೇಕನ್ನು ಇವನು ಅನುಮಾನಿಸುತ್ತಿದ್ದಾನಲ್ಲ ಎಂದೇ ಮೊದಲು ಅನ್ನಿಸಿತು. ಆದರೂ ನೋಡುವುದಿಲ್ಲ ಎನ್ನಲು ಬಾಯಿ ಬರಲಿಲ್ಲ.

ಈ ಬ್ರೇಕಿನ ಸಂಗತಿ ಗೊತ್ತಿಲ್ಲದವರಿಗೆ ಎರಡು ಮಾತು. ಡೀಸೆಲ್ ಗಾಡಿಯಲ್ಲಿ ಇಂಜಿನ್ನಿನ ಪಕ್ಕಕ್ಕೆ ಒಂದು ಸಣ್ಣ ಪಂಪಿರುತ್ತದೆ. ಅದು ಬೂಸ್ಟರ್ ಎನ್ನುವ ದುಂಡು ತಗಡಿನ ಡಬ್ಬಿಯಿಂದ ಗಾಳಿಯನ್ನು ಎಳೆದು ಎಳೆದು ಹೊರಗೆ ಹಾಕುತ್ತದೆ. ಡ್ರೈವರ್ ಪೆಡಲು ಒತ್ತಿದಾಗ ಆ ಎಳೆತ ಅವನ ಕಾಲಿಗೆ ಜೊತೆಯಾಗುತ್ತದೆ. ಡಬ್ಬಿಯಲ್ಲಿ ಎಳೆತ ಇಲ್ಲದಿದ್ದರೆ ಬ್ರೇಕು ಇಲ್ಲವೆಂದಲ್ಲ, ಇದೆ. ಆದರೆ ಎರಡೂ ಕಾಲು ಕೊಟ್ಟು ನಿಂತು ಒತ್ತಿದ ಹಾಗೆ ಒತ್ತಬೇಕು. ಪಂಪಿಗೂ ಡಬ್ಬಿಗೂ ನಡುವೆ ಇರುವುದು ಮೊಳದುದ್ದದ ಒಂದು ಪೈಪು.

ಮೊದಲ ದಿನ ಎಲ್ಲರೂ ಮಾಡುವ ಪರೀಕ್ಷೆಯನ್ನೇ ಮಾಡಿದೆ. ಇಂಜಿನ್ ಬಂದ್ ಮಾಡಿ ಪೆಡಲು ಗಟ್ಟಿಯಾಗುವ ತನಕ ಐದಾರು ಸಲ ಒತ್ತಿದೆ, ಒತ್ತಿ ಹಿಡಿದುಕೊಂಡೇ ಇಂಜಿನ್ ಚಾಲೂ ಮಾಡಿದೆ. ಪೆಡಲು ಕಾಲಿನ ಕೆಳಗೆ ತಾನಾಗಿ ಇಳಿಯಿತು. ಬೂಸ್ಟರ್ ಕೆಲಸ ಮಾಡುತ್ತಿದೆ ಎಂದರ್ಥ. ಚಾಚಾನನ್ನು ಪಕ್ಕದಲ್ಲಿ ಕೂಡಿಸಿಕೊಂಡು ರಸ್ತೆಗೆ ಹೋಗಿ ಗಕ್ಕನೆ ಬ್ರೇಕು ಹಾಕಿದೆ. ಕಾರು ನಿಂತಿತು.

"ನಿಂತದಲ್ಲ ಚಾಚಾ?"

ಅವನು ತಲೆ ಬಗ್ಗಿಸಿ ತನ್ನ ಬಲಗಾಲನ್ನು ನೋಡುತ್ತ ಕೂತಿದ್ದ.

ಎರಡನೇ ದಿನ ನಾಲ್ಕೂ ಚಕ್ರ ಇಳಿಸಿ ಡ್ರಮ್ಮು ಬಿಚ್ಚಿದೆ. ಬ್ರೇಕ್ ಶೂ ಸವೆದಿರಲಿಲ್ಲ. ಹಿಂದಿನ ಬಲಚಕ್ರದ ಸಿಲಿಂಡರಿನಲ್ಲಿ ಬ್ರೇಕ್ ಆಯಿಲ್ ಜಿನುಗಿದ ಕಲೆ ಕಂಡಿತು. ಸಿಕ್ಕಿತು ಎಂದು ಹಿಗ್ಗಿದೆ. ಅದನ್ನು ಬದಲಿಸಿ, ಲೈನಿನ ಗಾಳಿ ತೆಗೆಯಲು ಚಾಚಾನನ್ನೇ ಸೀಟಿನಲ್ಲಿ ಕೂಡಿಸಿದೆ. ಆ ಕೆಲಸಕ್ಕೆ ಇಬ್ಬರು ಬೇಕು, ನನ್ನ ಹತ್ತಿರ ಬೇರೆ ಯಾರೂ ಇಲ್ಲ. ನಾನು ಕಾರಿನ ಕೆಳಗೆ ಮಲಗಿ "ಒತ್ರಿ... ಹಿಡೀರಿ... ಬಿಡ್ರಿ" ಅನ್ನುತ್ತಿದ್ದೆ, ಅವನು ಮೇಲೆ ಒತ್ತಿ ಹಿಡಿದು ಬಿಡುತ್ತಿದ್ದ. ಗಾಳಿ ಪೂರ್ತಿ ಹೋದ ಮೇಲೂ ಅವನು ಒತ್ತುತ್ತಲೇ ಇದ್ದ, ಸಾಕು ಎಂದು ಎರಡು ಸಲ ಹೇಳಬೇಕಾಯಿತು.

ಸಿಲಿಂಡರು ಸೋರುತ್ತಿತ್ತು, ಅದೇ ಕಾರಣ ಎಂದೆ. ಅವನು ಕೆಳಗಿಳಿದು ಕೈ ಒರೆಸಿಕೊಂಡ.

"ಸಿಲಿಂಡರ್ ಸೋರಿದ್ರ ಪೆಡಲ್ ಮೆತ್ತಗಾಗಿ ತಳಕ್ಕ ಹೋಗ್ತದ. ನನ್ನ ಪೆಡಲ್ ತಳಕ್ಕ ಹೋಗಲಿಲ್ಲ. ಮ್ಯಾಲೇ ನಿಂತಿತ್ತು, ಕಲ್ಲಿನಂಗ."

ಅವನ ಮಾತು ಸರಿಯಾಗಿತ್ತು. ಮಿಸ್ತ್ರಿಯಾದ ನನಗೆ ಡ್ರೈವರೊಬ್ಬ ಪಾಠ ಹೇಳಿದ್ದು ಮಾತ್ರ ಚುಚ್ಚಿತು. "ಹಂಗಾರ ನೀವ ಬಿಚ್ಚ್ರಿ" ಎಂದು ನಟ್ಟು ಬಿಚ್ಚುವ ಪಾನಾವನ್ನು ನೆಲಕ್ಕೆ ಎಸೆದೆ. ಅವನು ಅದನ್ನು ಎತ್ತಿ, ಬಟ್ಟೆಯಿಂದ ಒರೆಸಿ, ಹಲಗೆಯ ಮೇಲೆ ಇಟ್ಟು ಮನೆಗೆ ಹೋದ. ಮರುದಿನ ಬೆಳಿಗ್ಗೆ ನಾನು ಶಟರ್ ಎತ್ತುವ ಮೊದಲೇ ಬಂದು ನಿಂತಿದ್ದ.

ಮೂರನೇ ದಿನ ಬೂಸ್ಟರ್ ಇಳಿಸಿದೆ. ಪೆಡಲಿನ ಪಿನ್ನು ತೆಗೆಯಲು ಡ್ಯಾಶ್‌ಬೋರ್ಡಿನ ಕೆಳಗೆ ಬೆನ್ನು ಮುರಿದುಕೊಂಡು ಮಲಗಬೇಕು. ಡಬ್ಬಿ ಬಿಚ್ಚಿ ಒಳಗಿನ ರಬ್ಬರ್ ಪರದೆಯನ್ನು ಬೆಳಕಿಗೆ ಹಿಡಿದು ಸುತ್ತಲೂ ನೋಡಿದೆ, ಎಲ್ಲೂ ಸೀಳಿರಲಿಲ್ಲ. ಆದರೂ ಅನುಮಾನ ಯಾಕೆ ಎಂದು ಕಲಬುರಗಿಯ ಗುಜರಿಯಿಂದ ಬೇರೆ ಬೂಸ್ಟರ್ ತರಿಸಿ ಕೂಡಿಸಿದೆ. ಹಳೆಯದನ್ನು ಗುಜರಿಯವನೇ ಬದಲಿಗೆ ಒಯ್ದ. ಇದು ನಮ್ಮ ಕಡೆಯ ರೂಢಿ. ಅದರ ಬಗ್ಗೆ ಆಗ ಒಂದು ಕ್ಷಣವೂ ಯೋಚಿಸಲಿಲ್ಲ.

ಬೂಸ್ಟರ್ ಕೂಡಿಸಿದ ಮೇಲೆ ದೂರ ಓಡಿಸಿ ನೋಡೋಣ ಎಂದು ಬಿಸಿಲಿನಲ್ಲೇ ಸುರಪುರದ ಕಡೆ ಹೊರಟೆವು. ನಾನೇ ಓಡಿಸುತ್ತಿದ್ದೆ. ಜಾಮೀನಿನ ಮೇಲಿರುವವನ ಕೈಗೆ ಸ್ಟೇರಿಂಗ್ ಕೊಡಲು ನನಗೆ ಧೈರ್ಯವಿರಲಿಲ್ಲ. ಸುರಪುರದ ಗುಡ್ಡದ ಏರು ಹತ್ತಿ, ಹೊರಳಿಸಿಕೊಂಡು ಇಳಿಯತೊಡಗಿದೆ. ತಿರುವಿನಲ್ಲಿ ಒಮ್ಮೆ ಬ್ರೇಕು ಹಾಕಿದೆ, ಸರಿಯಾಗಿತ್ತು. ಎದುರಿಗೆ ಕುರಿ ಬಂದವು, ಇನ್ನೊಮ್ಮೆ ಹಾಕಿದೆ, ಸ್ವಲ್ಪ ಬಿಗಿ ಎನ್ನಿಸಿತು. ಕುರಿಗಳ ಹಿಂದೆ ಟ್ರ್ಯಾಕ್ಟರ್ ಅಡ್ಡ ಬಂತು. ಮೂರನೇ ಸಲ ಒತ್ತಿದೆ.

ಪೆಡಲು ಕಲ್ಲಾಗಿತ್ತು. ನಾನು ಸೀಟಿನಿಂದ ಎದ್ದು ನಿಂತ ಹಾಗೆ ತುಳಿದರೂ ಕಾರು ಹೋಗುತ್ತಲೇ ಇತ್ತು. ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ರಸ್ತೆ ಬದಿಯ ಮರಳಿನ ಗುಡ್ಡೆಗೆ ಹತ್ತಿಸಿ ನಿಲ್ಲಿಸಿದೆ. ಪಕ್ಕದಲ್ಲಿ ಚಾಚಾ ನನ್ನ ತೋಳು ಹಿಡಿದುಕೊಂಡು ಅಳತೊಡಗಿದ.

"ನೋಡಿದ್ಯಾ? ಮಿಸ್ತ್ರಿ, ನೋಡಿದ್ಯಾ? ಹಿಂಗ ಆಗಿತ್ತು. ಇದ ಆಗಿತ್ತು."

ನಾನು ಇಳಿದು ಬಾನೆಟ್ ಎತ್ತಿ, ಎಲ್ಲ ನೋಡಿ, ಮತ್ತೆ ಬಂದು ಒತ್ತುವಷ್ಟರಲ್ಲಿ ಪೆಡಲು ಮೊದಲಿನಂತೆ ಹಗುರಾಗಿತ್ತು. ನಿರೀಕ್ಷಕರು ಯಾಕೆ ಸರಿಯಿದೆ ಎಂದು ಬರೆದರು ಎಂಬುದು ಅಲ್ಲಿ ತಿಳಿಯಿತು. ತಣ್ಣಗಿದ್ದ ಗಾಡಿಯಲ್ಲಿ ಒಂದು ಸಲ ಒತ್ತಿದರೆ ಯಾರಿಗೂ ಸರಿಯೆಂದೇ ಕಾಣುತ್ತದೆ. ಮೊದಲ ದಿನ ನಾನೂ ಅದನ್ನೇ ಮಾಡಿದ್ದೆನಲ್ಲ.

ಅಲ್ಲಿಂದ ಮುಂದೆ ಕೆಲಸ ಹಟದ್ದಾಯಿತು. ಪಂಪು ಬಿಚ್ಚಿ ಒಳಗೆ ತಿರುಗುವ ಎಲೆಯಂಥ ಪಟ್ಟಿಗಳನ್ನು ಬದಲಿಸಿದೆ. ಎಳೆದ ಗಾಳಿ ವಾಪಸು ಹೋಗದಂತೆ ತಡೆಯುವ ವಾಲ್ವನ್ನು ಹೊಸದು ಹಾಕಿದೆ. ಮಾಸ್ಟರ್ ಸಿಲಿಂಡರ್ ಬಿಚ್ಚಿದೆ. ಪ್ರತಿ ಸಲ ಒಂದು ಸಾಮಾನು ಬದಲಿಸುವುದು, ಸುರಪುರದ ರಸ್ತೆಗೆ ಹೋಗುವುದು, ಮೂರನೇ ಸಲಕ್ಕೆ ಪೆಡಲು ಕಲ್ಲಾಗುವುದು, ಸಪ್ಪೆ ಮುಖ ಹೊತ್ತು ವಾಪಸು ಬರುವುದು. ಪಂಪಿನ ಪೈಪಿನ ಮೇಲೂ ಒಂದು ದಿನ ಕೈ ಹೋಗಿತ್ತು. ಹಿಚುಕಿ ನೋಡಿದೆ, ಗಟ್ಟಿಯಾಗಿತ್ತು, ಬಿಟ್ಟೆ. ಈ ನಡುವೆ ಚಾಚಾನನ್ನು ಹತ್ತಾರು ಸಲ ಕೇಳಿದ್ದೆ. ಯಾವ ಕಾಲಿನಿಂದ ಒತ್ತಿದ್ರಿ, ಎಷ್ಟು ಹೊತ್ತು ಒತ್ತಿದ್ರಿ, ಕಾಲು ಜಾರಿರಬಹುದೇ, ಕ್ಲಚ್ಚಿನ ಮೇಲೆ ಹೋಗಿರಬಹುದೇ? ರೋಡ್ ಹಂಪಿನಲ್ಲಿ ಹಿಡಿಯಿತು, ಬಂಡಿ ಅಡ್ಡ ಬಂದಾಗ ಹಿಡಿಯಿತು, ಕ್ರಾಸಿನಲ್ಲಿ ಕಲ್ಲಾಯಿತು ಎಂದು ಅವನು ಪ್ರತಿ ಸಲ ಮೊದಲಿನಿಂದ ಹೇಳುತ್ತಿದ್ದ. ದಿನ ಕಳೆದಂತೆ ಅವನ ದನಿ ಸಣ್ಣದಾಗುತ್ತ ಬಂತು.

ಐದನೇ ದಿನ ಸಾಹುಕಾರರು ಬಂದರು. ಕಾರಿನ ಸುತ್ತ ಒಂದು ಸುತ್ತು ಹಾಕಿ, ಒಡೆದ ಲೈಟು ಹಾಗೇ ಇದ್ದುದನ್ನು ಕಂಡು ಹುಬ್ಬು ಗಂಟಿಕ್ಕಿದರು. ಚಾಚಾ ಚಹಾದಂಗಡಿಯ ಕಡೆ ಹೋಗಿದ್ದ.

"ಏನ್ ಮಾಡಾಕತ್ತಿ ಮಿಸ್ತ್ರಿ? ನಾ ಹೇಳಿದ್ದು ಏನು, ನೀ ಬಿಚ್ಚಿದ್ದು ಏನು?"

"ಬ್ರೇಕ್ ಹಿಡೀವಲ್ದ್ರಿ ಸಾಹುಕಾರ. ನಾ ಕಣ್ಣಾರೆ ನೋಡೀನಿ. ಬಿಸಿ ಆದಮ್ಯಾಲ ಪೆಡಲ್ ಗಟ್ಟಿ ಆಗ್ತದ."

ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಕೆದಕಬ್ಯಾಡ. ರಿಪೋರ್ಟ್ ಆಗಿಹೋಗ್ಯಾದ. ಬ್ರೇಕ್ ಕೆಟ್ಟಿತ್ತು ಅಂದ್ರ ಕೆಟ್ಟ ಗಾಡಿ ರೋಡಿಗೆ ಬಿಟ್ಟಾಂವ ನಾ ಆಗ್ತೀನಿ. ನೀನೂ ಸುಮ್ಮಕ ಉಳಿಯಂಗಿಲ್ಲ, ಕೈ ಹಚ್ಚಿದಾಂವ ನೀನ. ಚಾಚಾಗ ನಾ ವಕೀಲನ್ನ ಹಿಡದೀನಿ. ನಾಕು ದಿನ ಕೋರ್ಟಿಗೆ ತಿರುಗ್ತಾನ, ಬಿಡ್ತಾರ. ಬ್ರೇಕ್ ಸರಿ ಮಾಡು, ಬಾಯಿ ಮುಚ್ಚಿಕೋ."

ಕೆಟ್ಟ ಮನುಷ್ಯರಲ್ಲ ಅವರು. ಹೆದರಿದ್ದರು, ಅಷ್ಟೇ. ನಾನೂ ಹೂಂ ಎಂದೆ. ಆದರೆ ಬಾಯಿ ಮುಚ್ಚಿಕೊಳ್ಳಲೂ ಮೊದಲು ಕಾರಣ ಸಿಗಬೇಕಲ್ಲ. ಎಲ್ಲ ಬಿಚ್ಚಿಯಾಗಿತ್ತು, ಏನೂ ಸಿಕ್ಕಿರಲಿಲ್ಲ.

ಮರುದಿನ ಬಸ್ಸು ಹಿಡಿದು ಯಾದಗಿರಿಗೆ ಹೋದೆ. ನನಗೆ ಕೆಲಸ ಕಲಿಸಿದ ಉಸ್ತಾದರ ಗ್ಯಾರೇಜು ಅಲ್ಲಿದೆ. ಈಗ ಕೈ ನಡುಗುತ್ತದೆಂದು ಅವರು ಕೆಲಸ ಮುಟ್ಟುವುದಿಲ್ಲ, ಕುರ್ಚಿಯಲ್ಲಿ ಕೂತು ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುತ್ತಾರೆ. ಗಾಳಿಯ ಎಳೆತ ಅಳೆಯುವ ಮೀಟರ್ ಅವರ ಹತ್ತಿರ ಇತ್ತು, ಅದನ್ನು ಕೇಳಿ ತರುವುದು ನನ್ನ ಉದ್ದೇಶ. ಅವರು ಕಣ್ಣು ಮುಚ್ಚಿ ನನ್ನ ಆರು ದಿನದ ಕಥೆಯನ್ನೆಲ್ಲ ಕೇಳಿದರು.

"ಎಲ್ಲಾ ಬಿಚ್ಚೀನಿ ಅಂತಿ."

"ಹೌದ್ರಿ ಉಸ್ತಾದ್."

"ಕಂಪನಿ ಹಾಕಿದ್ದೆಲ್ಲಾ ಬಿಚ್ಚೀದಿ. ನೀ ಹಾಕಿದ್ದು ಬಿಚ್ಚಿದ್ಯಾ?"

ನನಗೆ ಕಿವಿ ಬಿಸಿಯಾಯಿತು. ಮೀಟರನ್ನು ಚೀಲಕ್ಕೆ ಹಾಕಿಕೊಂಡು, ಅಂಗಡಿಯಿಂದ ಬ್ರೇಕಿನ ಎಳೆತಕ್ಕೆಂದೇ ಮಾಡಿದ ದಪ್ಪ ಪೈಪನ್ನು ಎರಡು ಅಡಿ ಕತ್ತರಿಸಿಕೊಂಡು, ಬಸ್ ಹತ್ತಿ ಕೂತೆ. ಶಹಾಪುರ ಮುಟ್ಟುವ ತನಕ ಕಿಟಕಿಯ ಆಚೆ ಏನಿತ್ತೋ ನೋಡಿದ ನೆನಪಿಲ್ಲ.

ಆ ಪೈಪು ನಾನು ಹಾಕಿದ್ದು. ಎರಡು ವರ್ಷದ ಹಿಂದೆ ಅಸಲಿ ಪೈಪು ಬಿರುಕು ಬಿಟ್ಟಾಗ ಹೊಸದಕ್ಕೆ ಕಾಯುವಷ್ಟು ವ್ಯವಧಾನ ಇರಲಿಲ್ಲ, ಮಾರನೆಯ ದಿನ ಯಾವುದೋ ಮದುವೆಗೆ ಗಾಡಿ ಹೋಗಬೇಕಿತ್ತು. ನಮ್ಮ ಕಡೆ ಹತ್ತಿಗೆ, ಭತ್ತಕ್ಕೆ ಔಷಧ ಹೊಡೆಯುವ ಪಂಪಿನ ಹಸಿರು ಪೈಪು ಮೂಲೆ ಮೂಲೆಯ ಅಂಗಡಿಯಲ್ಲಿ ಸಿಗುತ್ತದೆ. ಒಳಗೆ ದಾರದ ಹೆಣಿಗೆ ಇರುವ ಗಟ್ಟಿ ಪೈಪು. ಎಂಥ ಒತ್ತಡಕ್ಕೂ ಒಡೆಯದು. ಶಹಾಪುರ, ಸುರಪುರದ ಯಾವ ಗ್ಯಾರೇಜಿಗೆ ಹೋದರೂ ಅದರ ಒಂದು ಸುರುಳಿ ಮೊಳೆಗೆ ನೇತುಬಿದ್ದಿರುತ್ತದೆ. ನೀರಿಗೆ, ಗಾಳಿಗೆ, ಡೀಸೆಲ್ಲಿಗೆ, ಎಲ್ಲಕ್ಕೂ ಅದೇ. ನಾನೂ ಒಂದು ಮೊಳ ಕತ್ತರಿಸಿ ಹಾಕಿದ್ದೆ. ಹಸಿರು ಕಂಡರೆ ಸಾಹುಕಾರರು ಬೈಯುತ್ತಾರೆಂದು ಮೇಲೆ ಕಪ್ಪು ಟೇಪು ಸುತ್ತಿದ್ದೆ. ಸುತ್ತಿದ್ದು ಅಚ್ಚುಕಟ್ಟಾಗಿತ್ತು ಎಂದು ನನಗೇ ಹೆಮ್ಮೆಯೂ ಇತ್ತು.

ಮೀಟರ್ ಕಟ್ಟಿ ಓಡಿಸಿದಾಗ ಎಲ್ಲ ಬಯಲಾಯಿತು. ಡಬ್ಬಿಯ ಕಡೆ ಮೀಟರ್ ಸೇರಿಸಿ ಅದನ್ನು ಕಾರಿನ ಒಳಗೆ ಚಾಚಾನ ಕೈಗೆ ಕೊಟ್ಟೆ. ಇಂಜಿನ್ ತಣ್ಣಗಿರುವಾಗ ಎಷ್ಟು ಸಲ ಒತ್ತಿದರೂ ಮುಳ್ಳು ಬಿದ್ದು ತಕ್ಷಣ ಮೇಲೇಳುತ್ತಿತ್ತು. ಹದಿನೈದು ಕಿಲೋಮೀಟರ್ ಓಡಿ ಇಂಜಿನ್ ಕಾದ ಮೇಲೆ ಒಂದು ಸಲ ಒತ್ತಿದರೆ ಮುಳ್ಳು ಬಿತ್ತು, ಮೇಲೇಳಲು ತಡಮಾಡಿತು. ಅದು ಏಳುವ ಮೊದಲೇ ಎರಡನೇ ಸಲ ಒತ್ತಿದೆ, ಇನ್ನೂ ಕೆಳಗೆ ಬಿತ್ತು. ಮೂರನೇ ಸಲಕ್ಕೆ ಡಬ್ಬಿಯಲ್ಲಿ ಏನೂ ಉಳಿದಿರಲಿಲ್ಲ. ಅರ್ಧ ನಿಮಿಷ ಸುಮ್ಮನೆ ಬಿಟ್ಟರೆ ಮುಳ್ಳು ಮೆಲ್ಲಗೆ ಮೊದಲಿನ ಜಾಗಕ್ಕೆ ಬರುತ್ತಿತ್ತು. ಆಮೇಲೆ ಮೀಟರನ್ನು ಪಂಪಿನ ಬಾಯಿಗೇ ಕಟ್ಟಿ ನೋಡಿದೆ, ಕಾದ ಇಂಜಿನ್ನಿನಲ್ಲೂ ಎಳೆತ ಪೂರಾ ಇತ್ತು. ಪಂಪು ಸರಿ, ಡಬ್ಬಿ ಸರಿ. ನಡುವೆ ಉಳಿದದ್ದು ಪೈಪು ಒಂದೇ.

ಗ್ಯಾರೇಜಿಗೆ ಬಂದಾಗ ಚಾಚಾನ ನಮಾಜಿನ ಹೊತ್ತಾಗಿತ್ತು, ಅವನು ಮಸೀದಿಗೆ ಹೋದ. ನಾನು ಒಬ್ಬನೇ ಪೈಪು ಬಿಚ್ಚಿ ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಮೇಲಿನ ಹಸಿರು ಗಟ್ಟಿಯಾಗಿ ದುಂಡಗೇ ಇತ್ತು. ಒಳಗಿನ ತೆಳುವಾದ ಪದರ ಮಾತ್ರ ಇಂಜಿನ್ ಆಯಿಲಿನ ಹಬೆಗೆ ಉಬ್ಬಿ, ದಾರದ ಹೆಣಿಗೆಯಿಂದ ಬಿಟ್ಟುಕೊಂಡು, ಸಡಿಲಾದ ಕಾಲುಚೀಲದಂತೆ ಜೋಲುತ್ತಿತ್ತು. ಔಷಧದ ಪೈಪು ಹೊರಕ್ಕೆ ತಳ್ಳುವ ಒತ್ತಡಕ್ಕೆ ಮಾಡಿದ್ದು, ಒಳಕ್ಕೆ ಎಳೆಯುವ ಕೆಲಸಕ್ಕಲ್ಲ. ಕಾದು ಮೆತ್ತಗಾದಾಗ ಆ ಪದರ ಎಳೆತಕ್ಕೆ ಸಿಕ್ಕು ದಾರಿಯನ್ನೇ ಮುಚ್ಚುತ್ತಿತ್ತು. ತಣ್ಣಗಾದಾಗ ತೆರೆದುಕೊಳ್ಳುತ್ತಿತ್ತು. ಹೊರಗಿನಿಂದ ಹಿಚುಕಿದರೆ ಯಾರಿಗೂ ತಿಳಿಯುವಂತಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅದನ್ನು ಹಿಚುಕಿ ಬಿಟ್ಟ ಕೈ ಬೇರೆ ಯಾವ ಸಾಮಾನನ್ನೂ ಹಾಗೆ ಬಿಟ್ಟಿರಲಿಲ್ಲ. ಉಳಿದದ್ದನ್ನೆಲ್ಲ ಬಿಚ್ಚಿ ನೋಡಿ, ನನ್ನ ಕೆಲಸವೊಂದನ್ನೇ ನಂಬಿದ್ದೆ.

ಸೀಳಿದ ಪೈಪನ್ನು ಹಿಡಿದು ಎಷ್ಟು ಹೊತ್ತು ಕೂತೆನೋ. ಹೊಸ ಪೈಪು ಪಕ್ಕದಲ್ಲೇ ಇತ್ತು, ಹಾಕಲು ಹತ್ತು ನಿಮಿಷ ಸಾಕು. ಹಳೆಯದನ್ನು ಹಿತ್ತಲಿನ ರಬ್ಬರ್ ಕಸದಲ್ಲಿ ಎಸೆದರೆ ಮುಗಿಯಿತು. ಬ್ರೇಕು ಸರಿಹೋಯಿತು ಚಾಚಾ, ಪಂಪಿನಲ್ಲಿ ಏನೋ ಇತ್ತು ಅಂದರೆ ಅವನು ನಂಬುತ್ತಾನೆ. ಸಾಹುಕಾರರ ವಕೀಲ ಇದ್ದಾನೆ. ನನಗೆ ಹೆಂಡತಿ ಇದ್ದಾಳೆ, ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಈ ಗ್ಯಾರೇಜು ಬಿಟ್ಟರೆ ಬೇರೆ ಅನ್ನವಿಲ್ಲ. ಎದ್ದು ಹಿತ್ತಲ ಬಾಗಿಲ ತನಕ ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಚಾಚಾ ಬಂದ. ಏನನ್ನೂ ಕೇಳದೆ, ಅಭ್ಯಾಸವಾದಂತೆ ಡ್ರೈವರ್ ಸೀಟಿನಲ್ಲಿ ಕೂತು ನಾನು "ಒತ್ರಿ" ಅನ್ನುವುದನ್ನು ಕಾಯತೊಡಗಿದ. ಕಾಲು ಪೆಡಲಿನ ಮೇಲೆ ಇತ್ತು. ನನಗೆ ಹಿತ್ತಲಿಗೆ ಹೋಗಲು ಆಗಲಿಲ್ಲ.

ಪೈಪನ್ನು ಅವನ ತೊಡೆಯ ಮೇಲೆ ಇಟ್ಟೆ. ಎಲ್ಲ ಹೇಳಿದೆ. ಯಾರು ಹಾಕಿದ್ದು ಎಂಬುದನ್ನೂ ಹೇಳಿದೆ. ಅವನು ಒಳಗಿನ ಪದರವನ್ನು ಬೆರಳಿನಿಂದ ಎತ್ತಿ ಎತ್ತಿ ನೋಡಿದ.

"ನಾ ಒತ್ತೀನಲ್ಲ?" ಎಂದ.

"ಒತ್ತೀರಿ ಚಾಚಾ."

"ನೀ ದಿನಾ ಕೇಳ್ತಿದ್ದಿ. ಒತ್ತಿದ್ರೇನು, ಕಾಲು ಜಾರಿತ್ತೇನು ಅಂತ. ಮನ್ಯಾಗ ಹೆಂಡತಿ ಕೇಳ್ತಾಳ, ಮಗ ಕೇಳ್ತಾನ. ನಿನ್ನಿ ನನಗೂ ಅನ್ನಿಸಾಕತ್ತಿತ್ತು, ನಾ ಒತ್ತೇ ಇಲ್ಲೇನೋ ಅಂತ."

ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನ ಇಬ್ಬರೂ ಯಾದಗಿರಿಯ ಆಫೀಸಿಗೆ ಹೋದೆವು. ನಿರೀಕ್ಷಕರು ಸಹನೆಯಿಂದ ಕೇಳಿದರು, ಪೈಪನ್ನು ಬೆಳಕಿಗೆ ಹಿಡಿದು ನೋಡಿದರು, ನನ್ನ ವಿವರಣೆ ಸರಿಯಾಗಿದೆ ಎಂದೂ ಒಪ್ಪಿದರು. ಆಮೇಲೆ ಕೇಳಿದರು, "ಇದು ಆ ಗಾಡೀದ ಅಂತ ನಾ ಹೆಂಗ ಬರೀಲಿ? ಗಾಡಿ ಮ್ಯಾಲ ಇದ್ದಾಗ ತೋರ್ಸಿದ್ರ ಬ್ಯಾರೆ ಮಾತು. ಬೂಸ್ಟರ್ ಎಲ್ಲಿ?"

"ಗುಜರಿಗೆ ಹೋಗ್ಯಾದ್ರಿ ಸಾಹೇಬ್ರ."

"ಪಂಪು?"

"ಬಿಚ್ಚಿ ಹೊಸಾ ಕಿಟ್ ಹಾಕೀನ್ರಿ."

ಅವರು ಪೈಪನ್ನು ಮೇಜಿನ ಮೇಲೆ ಇಟ್ಟರು. ಒಂದು ವಾರ ನಾನು ಮಾಡಿದ ರಿಪೇರಿ ಏನೆಂದು ಆಗ ಅರ್ಥವಾಯಿತು. ಒಂದೊಂದೇ ಸಾಮಾನು ಬದಲಿಸುತ್ತ, ಚಾಚಾನ ಪರವಾಗಿ ಸಾಕ್ಷಿ ಹೇಳಬಹುದಾಗಿದ್ದ ಗಾಡಿಯನ್ನು ನನ್ನ ಕೈಯಾರೆ ಮೂಕ ಮಾಡಿದ್ದೆ. ಹುಡುಕಲು ಹೋಗಿ, ಹುಡುಕಿದ್ದನ್ನೇ ಅಳಿಸಿದ್ದೆ. ಇನ್ನು ಉಳಿದದ್ದು ನನ್ನ ಬಾಯಿಮಾತು. ಅದನ್ನು ಠಾಣೆಯಲ್ಲಿ ಬರೆದು ಕೊಡು, ಕೋರ್ಟು ತೂಗಿ ನೋಡುತ್ತದೆ ಎಂದರು.

ಠಾಣೆಯಲ್ಲಿ ಬರೆದುಕೊಟ್ಟೆ. ಬರೆದುಕೊಂಡವರು ನಡುವೆ ಪೆನ್ನು ನಿಲ್ಲಿಸಿ, "ವಿಚಾರ ಮಾಡಿ ಸಹಿ ಮಾಡಪ, ನಿನ್ನ ಮ್ಯಾಲ ಬರ್ತದ" ಎಂದರು. ಸಹಿ ಮಾಡಿದೆ. ಕೇಸಿನಿಂದ ಚಾಚಾನ ಹೆಸರು ಹೋಗಲಿಲ್ಲ, ನನ್ನ ಹೆಸರು ಅದರ ಕೆಳಗೆ ಸೇರಿತು. ಸಾಹುಕಾರರು ಕಾರನ್ನು ಅರ್ಧ ಕೆಲಸಕ್ಕೇ ಎಳೆಸಿಕೊಂಡು ಹೋದರು, ನನ್ನ ಮುಖ ನೋಡಲಿಲ್ಲ. ಗ್ಯಾರೇಜಿಗೆ ಬಂದು, ಆ ಹಸಿರು ಪೈಪನ್ನು ಬ್ರೇಕಿಗೆ ಹಾಕಿಕೊಟ್ಟ ನೆನಪಿದ್ದ ಗಾಡಿಗಳವರಿಗೆಲ್ಲ ಫೋನು ಹಚ್ಚಿದೆ. ಒಂದು ಜೀಪು, ಎರಡು ಟೆಂಪೊ. ಒಬ್ಬರು ನಕ್ಕರು, ಒಬ್ಬರು ಬೈದರು, ಒಬ್ಬರು ಅವತ್ತೇ ಗಾಡಿ ತಂದರು.

ಇಷ್ಟಾದ ಮೇಲೆ ಚಾಚಾ ಒಂದು ಮಾತು ಕೇಳಿದ. "ಸಾಹೇಬ್ರ ಮುಂದ ಹೇಳಿದಿ. ಸಗರಕ್ಕ ಬಂದು ಹೇಳ್ತಿಯೇನು? ಆ ಮನಿಯವ್ರ ಮುಂದ?"

ಅದಕ್ಕೆ ನನ್ನಲ್ಲಿ ಧೈರ್ಯವಿರಲಿಲ್ಲ. ಆದರೂ ಹೋದೆ. ಹೊಡೆದರೆ ಹೊಡೆಯಲಿ ಎಂದುಕೊಂಡೇ ಹೋದೆ.

ಸತ್ತವಳ ಗಂಡ ಮನೆಯಲ್ಲಿರಲಿಲ್ಲ, ಹೊಲಕ್ಕೆ ಹೋಗಿದ್ದ. ಕಟ್ಟೆಯ ಮೇಲೆ ಅವಳ ಅತ್ತೆ ಕೂತಿದ್ದಳು. ಬಾಗಿಲಿಗೆ ಒರಗಿ ನಿಂತವಳು ಸತ್ತವಳ ನೆಗೆಣಿ, ಅಂದರೆ ಓರಗಿತ್ತಿ, ಆ ಸಂಜೆ ಜೊತೆಯಲ್ಲಿ ರಸ್ತೆ ದಾಟಿ ಉಳಿದವಳು. ಚಾಚಾನನ್ನು ಕಂಡು ಅತ್ತೆ ಮುಖ ತಿರುಗಿಸಿದಳು. ನಾನು ಕೆಳಗೆ ನಿಂತುಕೊಂಡೇ, ಪೈಪು ನನ್ನದು, ಅದರಿಂದ ಬ್ರೇಕು ಹಿಡಿಯಲಿಲ್ಲ, ಇವರು ಒತ್ತಿದ್ದು ನಿಜ, ಮೊದಲೆರಡು ಸಲ ಹಿಡಿದು ಮೂರನೇ ಸಲಕ್ಕೆ ಕೈಕೊಟ್ಟಿತು ಎಂದು ತಿಳಿಯುವ ಹಾಗೆ ಹೇಳಿದೆ.

ನೆಗೆಣಿ ಬಾಗಿಲು ಬಿಟ್ಟು ಮುಂದೆ ಬಂದಳು.

"ಮೊದಲ ಹಿಡದಿತ್ತೇನ್ರಿ?"

"ಹಿಡದಿತ್ತಕ್ಕ. ರೋಡ್ ಹಂಪಿನ್ಯಾಗ ಒಮ್ಮೆ, ಬಂಡಿ ಅಡ್ಡ ಬಂದಾಗ ಒಮ್ಮೆ" ಎಂದ ಚಾಚಾ.

"ಗಾಡಿ ಸಾವಕಾಶ ಆಗಿತ್ತು, ಅಲ್ಲ?"

"ಆಗಿತ್ತು."

"ನಾ ನೋಡಿದ್ದೆ" ಎಂದಳು. ಅತ್ತೆಯ ಕಡೆ ತಿರುಗಿ ಇನ್ನೂ ಗಟ್ಟಿಯಾಗಿ, "ಅತ್ತಿ, ನಾ ಹೇಳಿದ್ದಿಲ್ಲ? ಗಾಡಿ ಸಾವಕಾಶ ಆತು, ನಿಂದರ್ತದ ಅಂತನ ನಾ ಆಕಿ ಕೈ ಹಿಡದು ಎಳಕೊಂಡು ಹೊಂಟೆ. ಊರೆಲ್ಲಾ ನಾ ಕಣ್ಣು ಮುಚ್ಚಿ ದಾಟಿಸಿದೆ ಅಂತಾರ. ನಾ ಕೊಂದೆ ಅಂತಾರ" ಎಂದಳು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಚಾಚಾನ ತಪ್ಪು ನನ್ನ ತಲೆಗೆ ಬಂದಾಗ ಇವಳ ತಲೆಯ ಮೇಲೂ ಒಂದು ಹೊರೆ ಇದ್ದೀತೆಂದು ನನಗೆ ಹೊಳೆದಿರಲೇ ಇಲ್ಲ.

ಅವಳು ಕಣ್ಣೊರೆಸಿಕೊಂಡು ನನ್ನನ್ನು ನೇರ ನೋಡಿದಳು.

"ಇಷ್ಟು ದಿನ ಯಾಕ ಬೇಕಾತ್ರಿ ನಿಮಗ?"

"ನನ್ನ ಕೆಲಸದ ಮ್ಯಾಲ ನನಗ ಸಂಶೇ ಬರ್ಲಿಲ್ಲಕ್ಕ" ಎಂದೆ.

ಅವಳು ಒಳಗೆ ಹೋದಳು. ನಮ್ಮ ಕಡೆ ಮನೆ ಬಾಗಿಲಿಗೆ ಯಾರು ಬಂದರೂ, ಜಗಳಕ್ಕೆ ಬಂದವರಿಗೂ ಸಹ, ಮೊದಲು ನೀರು ಕೊಡುತ್ತಾರೆ. ಅವಳು ಒಂದು ಚೆಂಬು ನೀರು ತಂದು ಚಾಚಾನ ಕೈಗೆ ಕೊಟ್ಟಳು. ಅವನು ಕುಕ್ಕರುಗಾಲಿನಲ್ಲಿ ಕೂತು, ಎರಡೂ ಕೈಯಿಂದ ಹಿಡಿದು, ಅಷ್ಟೂ ನೀರು ಕುಡಿದ. ಖಾಲಿ ಚೆಂಬು ಇಸಿದುಕೊಂಡು ಅವಳು ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ. ನಾನೂ ನೀರು ಕೇಳಲಿಲ್ಲ.